ಮೂರನೆಯ ಗುಳಿ

ಪೆಟ್ಟಿಗೆಯ ಮುಚ್ಚಳ ತೆರೆದಾಗ ಅದರಲ್ಲಿ ಎರಡೇ ಸಪ್ರೆಸರುಗಳಿದ್ದವು. ಮೂರನೆಯ ಗುಳಿ ಖಾಲಿಯಾಗಿತ್ತು.

ಡಿಸೆಂಬರ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ದೋಹಾದ ಹೊರಗೆ, ಅಲ್ ಖೋರ್ ರಸ್ತೆಯಿಂದ ಒಳಗೆ, ಮರಳುಗಾಡಿನ ನಡುವೆ ನಮ್ಮ ಶೂಟಿಂಗ್ ಕ್ಲಬ್ಬು ಇತ್ತು. ಅತಿಥಿಗಳು ಕೂರುವ ಅದರ ಮಜ್ಲಿಸ್ ಡೇರೆಯಲ್ಲಿ ಯಜಮಾನರಾದ ಅಬು ನಾಸರ್ ದಿಂಬಿಗೆ ಒರಗಿ ಕುಳಿತಿದ್ದರು. ಆಯ್ಕೆಗಾಗಿ ಪೆಟ್ಟಿಗೆಯನ್ನು ಸ್ಟೋರಿನಿಂದ ತರಿಸಿದ್ದ ಅವರು ಖಾಲಿ ಗುಳಿಯನ್ನು ನೋಡಿದವರೇ ಕೈಯಲ್ಲಿದ್ದ ಗಹ್ವಾ ಕಾಫಿಯ ಬಟ್ಟಲನ್ನು ಕೆಳಗಿಟ್ಟರು. ನಾನು ಅಲ್ಲಿ ದಾಖಲೆ ಪುಸ್ತಕ ಬರೆಯುವ ಗುಮಾಸ್ತ. ಅರ್ಧ ಗಂಟೆಯ ಹಿಂದೆ ಆ ಪುಸ್ತಕದಲ್ಲಿ 'ಮೂರೂ ವಾಪಸು ಬಂದಿವೆ' ಎಂದು ಬರೆದು ಸಹಿ ಹಾಕಿದವನು ನಾನೇ.

ಸಪ್ರೆಸರ್ ಎಂದರೆ ಬಂದೂಕಿನ ಮೂತಿಗೆ ತಿರುಪಿ ಕೂರಿಸುವ ಕೊಳವೆ. ಅದು ಗುಂಡಿನ ಸದ್ದನ್ನು ತಗ್ಗಿಸುತ್ತದೆ. ನಮ್ಮ ಕ್ಲಬ್ಬಿನ ಪಕ್ಕದಲ್ಲಿ ಒಂಟೆಗಳ ದೊಡ್ಡಿ ಇತ್ತು. ರೈಫಲಿನ ಸದ್ದಿಗೆ ಗಬ್ಬದ ಒಂಟೆಗಳು ಬೆದರಿ ಓಡುತ್ತವೆ ಎಂದು ದೊಡ್ಡಿಯವರು ದೂರಿದ್ದರು. ಅದಕ್ಕಾಗಿ ಕ್ಲಬ್ಬಿಗೆ ಮೊದಲ ಸಪ್ರೆಸರ್ ಕೊಳ್ಳಬೇಕೆಂದು ತೀರ್ಮಾನವಾಗಿತ್ತು. ಆದರೆ ಅನುಮತಿ ಸಿಕ್ಕಿದ್ದು ಒಂದಕ್ಕೆ ಮಾತ್ರ. ಆಯ್ಕೆ ಮಾಡಲೆಂದು ಆ ಒಂದು ದಿನದ ಪರವಾನಗಿಯ ಮೇಲೆ ಕಂಪನಿಯವರು ಮೂರು ತಂದಿದ್ದರು: ಪಿಸ್ತೂಲಿಗೆ ಹಗುರವಾದದ್ದು, ರೈಫಲಿಗೆ ಉದ್ದನೆಯದು, ಮತ್ತು ಬುಡದ ಉಂಗುರ ಬದಲಿಸಿದರೆ ಎರಡಕ್ಕೂ ಕೂರುವ ಮೂರನೆಯದು. ಇಂಥ ವಸ್ತು ಒಂದು ಕಾಣೆಯಾದರೆ ಅದು ಸಣ್ಣ ಕಳವಲ್ಲ. ಪೊಲೀಸು, ಜೈಲು, ಗಡೀಪಾರು, ಎಲ್ಲವೂ ಅದರ ಹಿಂದೆ ಬರುತ್ತವೆ.

"ಸ್ಟೋರ್ ಕೀ ಯಾರ ಹತ್ರ ಇತ್ತು?" ಎಂದು ಮ್ಯಾನೇಜರ್ ಮುದ್ದುಕೃಷ್ಣ ಕೇಳಿದರು. ಅವರು ಬೆಂಗಳೂರಿನವರು, ಮಾತಿಗೊಂದು ನಿಯಮ ಹೇಳುವವರು.

"ನನ್ನ ಹತ್ರವೇ ಸರ್," ಎಂದ ಜಾಬಿರ್. ಆಯುಧಗಳನ್ನು ನೋಡಿಕೊಳ್ಳುವ ಹುದ್ದೆ ಅವನದು. ಉಳ್ಳಾಲದ ಹುಡುಗ, ಮೂವತ್ತು ವರ್ಷ. "ಒಂಬತ್ತೂವರೆಗೆ ಬೀಗ ಹಾಕಿದ್ದು. ಈಗ ನಿಮ್ಮೆದುರೇ ತೆಗೆದದ್ದು."

"ನಡುವೆ ನೀನು ಕಾರಿನ ಹತ್ರ ಹೋಗಿದ್ದೆ. ಇರೋ ಒಂದೇ ಕ್ಯಾಮೆರಾ ಗೇಟಿನದು, ಅದರಲ್ಲಿದೆ."

"ಒಳಗೆ ಫೋನ್ ತರಬಾರದಲ್ಲ ಸರ್. ನನ್ನ ಹೆಂಡತಿ ನಶೀದಾಳಿಗೆ ಇವತ್ತೋ ನಾಳೆಯೋ ಹೆರಿಗೆ. ಅದಕ್ಕೆ ಮಾತಾಡ್ಲಿಕ್ಕೆ ಹೋದದ್ದು."

"ಮೂರೂ ವಾಪಸು ಬಂದಿವೆ ಅಂತ ಬುಕ್ ಹೇಳ್ತಿದೆ. ಸ್ಟೋರಲ್ಲಿ ಎರಡಿವೆ. ಕೀ ನಿನ್ನದು. ಇನ್ನೇನು ಉಳೀತು?"

ಜಾಬಿರ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಗೇಟು ಮುಚ್ಚಿಸಿದರು. ಕಾರು, ಚೀಲ, ಕಕ್ಕಸು, ಎಲ್ಲವನ್ನೂ ಜಾಲಾಡಿದರು. ಏನೂ ಸಿಗಲಿಲ್ಲ. ಅಬು ನಾಸರ್ ಪೊಲೀಸರಿಗೆ ಫೋನ್ ಮಾಡಿಸಲು ಹೊರಟಾಗ, ಡೇರೆಯ ಬಾಗಿಲಲ್ಲಿ ಎಲ್ಲರಿಗೂ ಪುಳಿಯೋಗರೆ ತಂದಿದ್ದ ಸ್ಟೀಲಿನ ಡಬ್ಬಿ ಹಿಡಿದು ನಿಂತಿದ್ದ ನನ್ನ ಹೆಂಡತಿ ಪುಟ್ಟಮ್ಮ, ದೋಹಾದ ತರಕಾರಿ ಅಂಗಡಿಗಳಲ್ಲಿ ಕಲಿತ ಹಿಂದಿಯಲ್ಲಿ ಹೇಳಿದಳು: "ಬಾಬಾ, ನಮಾಜ್ ತಕ್ ಟೈಮ್ ದೋ. ಮೈ ದೇಖೇಗಾ."

ಅಬು ನಾಸರ್ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಅವಳ ಪುಳಿಯೋಗರೆಯನ್ನು ಅವರು ಎರಡು ಸಲ ಬಡಿಸಿಕೊಂಡು ತಿಂದವರು. "ಮಧ್ಯಾಹ್ನದ ಝುಹರ್ ನಮಾಜಿನವರೆಗೆ ಮಾತ್ರ," ಎಂದರು. "ಆಮೇಲೆ ಪೊಲೀಸ್. ಖಲಾಸ್."

ನನ್ನ ಪುಟ್ಟಮ್ಮ ಈಗಿಲ್ಲ. ದೇವರು ಅವಳನ್ನು ಕರೆಸಿಕೊಂಡು ಹನ್ನೊಂದು ತಿಂಗಳಾಯಿತು. ಅಲ್ ಮುಂತಜಾದಲ್ಲಿ ನಾವಿದ್ದ ಹಳೆಯ ಕಟ್ಟಡದವರು ಅವಳನ್ನು ಪತ್ತೇದಾರಿಣಿ ಎಂದೇ ಕರೆಯುತ್ತಿದ್ದರು. ತಾರಸಿಯಿಂದ ಮಾಯವಾಗುತ್ತಿದ್ದ ಹಪ್ಪಳದ ಕಳ್ಳ ಪಾರಿವಾಳವಲ್ಲ, ಮೂರನೆಯ ಮಹಡಿಯ ಎಂಜಿನಿಯರು ಎಂದು ಕಂಡುಹಿಡಿದವಳು ಅವಳು. ಅವಳ ಹತ್ತಿರ ಭೂತಗನ್ನಡಿ ಇರಲಿಲ್ಲ. ಇದ್ದ ಕನ್ನಡಕದ ಒಂದು ಕಡ್ಡಿಗೂ ದಾರ ಸುತ್ತಿತ್ತು.

ಡೇರೆಯಿಂದ ಹೊರಗೆ ಬಂದ ಕೂಡಲೇ ಅವಳು ಕೇಳಿದಳು: "ರೀ, ಬೆಳಿಗ್ಗೆಯಿಂದ ನಡೆದದ್ದನ್ನ ಒಂದು ಸಲ ಹೇಳಿ. ನಾನು ಟೀ ಶೆಡ್ಡಲ್ಲಿದ್ದೆ, ಅರ್ಧ ನೋಡಿದ್ದೀನಿ ಅಷ್ಟೆ."

ನಾನು ಹೇಳಿದೆ. ಕಂಪನಿಯಿಂದ ಬಂದವನು ಕಾರ್ತಿಕ್, ಬೆಂಗಳೂರಿನ ಹುಡುಗ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಎಂಟು ಗಂಟೆಗೆ ಪಿಸ್ತೂಲಿನ ಸಪ್ರೆಸರಿನಲ್ಲಿ ಹೊಡೆದು ತೋರಿಸಿದ. ಆಮೇಲೆ ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಪ್ಲಾಸ್ಟಿಕ್ ಹೊದಿಕೆ ಉಂಗುರದಾಕಾರಕ್ಕೆ ಕರಗಿತು. "ಬಿಸಿಯದ್ದನ್ನು ಅಲ್ಲಿ ಇಡಬೇಡಿ ಮಾರಾಯ್ರೆ, ಕಲ್ಲಿನ ಮೇಲೆ ಇಡಿ," ಎಂದು ಜಾಬಿರ್ ಹೇಳಿದ. ಎಂಟೂವರೆಗೆ ರೈಫಲಿನದು. ಅದೂ ಕಲ್ಲಿನ ಮೇಲೆ ಆರಿತು. ಒಂಬತ್ತಕ್ಕೆ ಮೂರನೆಯದು: ಮೊದಲು ಪಿಸ್ತೂಲಿನಲ್ಲಿ, ಆಮೇಲೆ ಉಂಗುರ ಬದಲಿಸಿ ರೈಫಲಿನಲ್ಲಿ. ಉಂಗುರ ಬದಲಿಸಿದಾಗ ಕೊಳವೆ ನೆಟ್ಟಗೆ ಕೂತಿದೆಯೇ ಎಂದು ಕಡ್ಡಿ ತೂರಿಸಿ ನೋಡೋಣ ಎಂದು ಜಾಬಿರ್ ಹೇಳಿದ್ದ. "ಕಸ್ಟಮರ್ ಮುಂದೆ ಅದೆಲ್ಲ ಬೇಡ ಗುರು," ಎಂದು ಕಾರ್ತಿಕ್ ನಕ್ಕಿದ್ದ. ಒಂಬತ್ತು ಇಪ್ಪತ್ತಕ್ಕೆ ಕೊನೆಯ ಗುಂಡು. ಕಾರ್ತಿಕ್ ಕೊಳವೆ ಬಿಚ್ಚಿಕೊಂಡ ಮೇಲೆ ಜಾಬಿರ್ ನಿಯಮದಂತೆ ರೈಫಲನ್ನು ಆಯುಧದ ಕೋಣೆಗೆ ಒಯ್ದ. ಪೆಟ್ಟಿಗೆ ತುಂಬಲು ಕಾರ್ತಿಕ್ ಒಬ್ಬನೇ ನಿಂತ, ಉಳಿದವರು ಡೇರೆಗೆ ಹೋದರು. ಒಂಬತ್ತು ಇಪ್ಪತ್ತೈದಕ್ಕೆ ಕಾರ್ತಿಕ್ ಮುಚ್ಚಿದ ಪೆಟ್ಟಿಗೆಯನ್ನು ನನ್ನ ಮೇಜಿಗೆ ತಂದ, ನಾನು ಬರೆದೆ, ಜಾಬಿರ್ ಅದನ್ನು ಸ್ಟೋರಿಗೆ ಒಯ್ದ.

"ಕೊನೇ ಗುಂಡಿನ ಸದ್ದು ನಿಮಗೆ ಹೇಗೆ ಕೇಳಿಸಿತು?"

"ಕಿವಿಗವಸು ಹಾಕಿದ್ದೆ."

"ನಾನು ಹಾಕಿರಲಿಲ್ಲ. ಮೊದಲನೇದು ಕೇಳಿದಾಗ, ಇದಕ್ಕಾ ಸೈಲೆನ್ಸರ್ ಅಂತಾರೆ, ನನ್ನ ಕುಕ್ಕರ್ ಇದಕ್ಕಿಂತ ಮೆತ್ತಗೆ ಕೂಗುತ್ತೆ ಅಂದ್ಕೊಂಡೆ. ಆದರೂ ಎಲ್ಲ ಒಂದೇ ಥರ ಇತ್ತು. ಕೊನೇದು ಮಾತ್ರ ಬಿರುಕು ಬಿಟ್ಟ ಪಾತ್ರೆ ಬಡಿದ ಹಾಗಿತ್ತು."

ಅವಳು ಪೆಟ್ಟಿಗೆಯ ಬಳಿ ಹೋಗಿ ಮೂರನೆಯ ಗುಳಿಯ ಸ್ಪಂಜನ್ನು ಬೆರಳಿನಿಂದ ಸವರಿದಳು. ಮೂಸಿಯೂ ನೋಡಿದಳು. ಹೊಸ ಸ್ಪಂಜು, ನುಣ್ಣಗಿತ್ತು. ಆಮೇಲೆ ಹೊರಗೆ ಬಂದು ಸುಮ್ಮನೆ ಅಂಗಳದಲ್ಲಿ ನಡೆದಳು. ಗುಂಡು ಹೊಡೆಯುವ ಜಾಗಕ್ಕೂ ಡೇರೆಗೂ ನಡುವೆ, ಗೋಡೆಯ ನೆರಳಿನಲ್ಲಿ, ಬೆಂಕಿ ಆರಿಸಲು ಮರಳು ತುಂಬಿಟ್ಟ ಮೂರು ಕೆಂಪು ಬಕೆಟ್ಟುಗಳಿದ್ದವು. ಕೊನೆಯ ಬಕೆಟ್ಟಿನಲ್ಲಿ ಕ್ಲಬ್ಬಿನ ಬೆಕ್ಕು ಸುಲ್ತಾನ್ ಸುರುಳಿ ಸುತ್ತಿ ಮಲಗಿತ್ತು.

"ಏನೋ ಸುಲ್ತಾನ, ಇವತ್ತು ಇಲ್ಲಿ?" ಎಂದು ಪುಟ್ಟಮ್ಮ ಅದರ ಕಿವಿ ತುರಿಸಿದಳು. "ದಿನಾ ಕಾರಿನ ಬಾನೆಟ್ ಮೇಲೆ ಅಲ್ವೇನೋ ನಿನ್ನ ಸಿಂಹಾಸನ?"

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ದನಿ ತಗ್ಗಿಸಿದಳು.

"ರೀ, ನೀವು ಪೆಟ್ಟಿಗೆ ತೆರೆದು ನೋಡಿ ಸಹಿ ಹಾಕಿದ್ರಾ?"

ಮೂವತ್ತೈದು ವರ್ಷ ಜೊತೆಗಿದ್ದವಳಿಗೆ ಉತ್ತರ ಹೇಳಬೇಕಾಗಿಯೇ ಇರಲಿಲ್ಲ. ಪೆಟ್ಟಿಗೆ ತಂದವನು ನಮ್ಮ ಕಡೆಯ ಹುಡುಗ. 'ಎಲ್ಲ ಪ್ಯಾಕ್ ಮಾಡಿದ್ದೀನಿ ಸರ್' ಎಂದ ಮೇಲೆ 'ತೆಗೆ, ನೋಡೋಣ' ಎನ್ನುವುದು ಅವನ ಮುಖಕ್ಕೆ ಹೊಡೆದ ಹಾಗೆ ಎನಿಸಿತ್ತು. ಫಿಲಿಪ್ಪೀನಿನವನೋ ಈಜಿಪ್ಟಿನವನೋ ತಂದಿದ್ದರೆ ತೆರೆಸಿ ಎಣಿಸುತ್ತಿದ್ದೆ. ಜಾಬಿರನೂ ಅದೇ ಸಂಕೋಚದಿಂದ ತೆರೆಯದೆ ಒಯ್ದಿದ್ದ. ನನಗಾಗ ಅರವತ್ತೆರಡು. ಕೆಲಸ ಹೋದರೆ ವೀಸಾ ಹೋಗುತ್ತದೆ.

"ಇದನ್ನ ನಾನು ಹೇಳಲ್ಲ," ಎಂದಳು. "ನೀವು ಹೇಳಿದರೆ ಮಾತ್ರ ಜಾಬಿರ್ ಉಳೀತಾನೆ."

ಹನ್ನೊಂದು ಗಂಟೆಗೆ ಎಲ್ಲರೂ ಡೇರೆಯಲ್ಲಿ ಸೇರಿದೆವು. ಪುಟ್ಟಮ್ಮ ಒಂದು ಅಗಲ ಬೋಗುಣಿಯಲ್ಲಿ ತಣ್ಣೀರು ತಂದು ಕಾರ್ತಿಕ್‌ನ ಮುಂದಿಟ್ಟಳು.

"ಮೊದಲು ಬಲಗೈ ಅದ್ದಪ್ಪ. ಮಾತು ಆಮೇಲೆ."

"ಯಾಕೆ ಆಂಟಿ?"

"ಒಂಬತ್ತೂವರೆಗೆ ನನ್ನ ಪುಳಿಯೋಗರೆಗೆ ಚಮಚ ಕೇಳಿದೆ. ಹೋದ ವಾರ ಬಂದಾಗ ಮೊಣಕೈವರೆಗೆ ನೆಕ್ಕಿದವನು, ಇವತ್ತು ಎಡಗೈಲಿ ಚಮಚ ಹಿಡಿದು ತಿಂದೆ. ಸಾಹೇಬ ಆಗ್ಬಿಟ್ಟಿದ್ದಾನೆ ಅಂತ ನಾನೂ ನಕ್ಕೆ. ಕೈ ತೋರಿಸು."

ಕಾರ್ತಿಕ್ ಕೈ ತೋರಿಸಲಿಲ್ಲ. ಆದರೆ ನೀರಿಗೆ ಅದ್ದಿದ. ಮೂರು ಬೆರಳುಗಳ ತುದಿಯಲ್ಲಿ ಬೊಬ್ಬೆಗಳಿದ್ದವು.

"ಮುದ್ದುಕೃಷ್ಣ ಅವರೇ, ನಾನು ಹೇಳೋದನ್ನ ಬಾಬಾಗೆ ಹೇಳ್ತಾ ಹೋಗಿ," ಎಂದು ಪುಟ್ಟಮ್ಮ ಕೂತಳು. "ಪಿಸ್ತೂಲಿನ ಕೊಳವೆ ಮೇಜಿನ ಪ್ಲಾಸ್ಟಿಕ್ ಕರಗಿಸ್ತು. ಎಲ್ಲರೂ ನೋಡಿದ್ದೀರಿ. ಮೂರನೇದು ಅದಕ್ಕಿಂತ ಹೆಚ್ಚು ಹೊತ್ತು ಹೊಡೆದದ್ದು, ಪಿಸ್ತೂಲು ಆಮೇಲೆ ರೈಫಲು. ಒಂಬತ್ತು ಇಪ್ಪತ್ತಕ್ಕೆ ಒಲೆ ಮೇಲಿಂದ ಇಳಿಸಿದ ಕಾವಲಿ ಥರ ಇರಬೇಕು. ಅದನ್ನ ಐದೇ ನಿಮಿಷದಲ್ಲಿ ಸ್ಪಂಜಿನ ಗುಳೀಲಿ ಇಟ್ಟೆ ಅಂತಾನೆ ಇವನು. ಗುಳಿ ನೋಡಿ. ಒಂದು ಕಲೆ ಇಲ್ಲ, ಸುಟ್ಟ ವಾಸನೆ ಇಲ್ಲ. ಅಂದರೆ ಅದು ಪೆಟ್ಟಿಗೆಗೆ ಬರಲೇ ಇಲ್ಲ. ಬಂದಿದ್ದರೆ ತಾನೆ ಜಾಬಿರ್ ಕದಿಯೋದು?"

"ಆದರೆ ಬುಕ್ಕಲ್ಲಿ ಮೂರು ಅಂತಿದೆಯಲ್ಲಮ್ಮ," ಎಂದರು ಮುದ್ದುಕೃಷ್ಣ. "ನಿಮ್ಮ ಮನೆಯವರು ವೆಂಕಟರಾಮು ಅವರ ಸಹಿ. ಹನ್ನೆರಡು ವರ್ಷದಲ್ಲಿ ಒಂದು ತಪ್ಪಿಲ್ಲ ಅವರದ್ದು. ಆ ಸಹಿ ನಿಜ ಆದರೆ ನಿಮ್ಮ ಸ್ಪಂಜು ಸುಳ್ಳು."

ಪುಟ್ಟಮ್ಮ ನನ್ನ ಕಡೆ ನೋಡಲಿಲ್ಲ. ಬೋಗುಣಿಯ ನೀರನ್ನು ನೋಡುತ್ತಿದ್ದಳು. ಜಾಬಿರ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. ನಾನು ಮನಸ್ಸಿನಲ್ಲಿ ನಂಜನಗೂಡಿನ ಸ್ವಾಮಿಯನ್ನು ನೆನೆದು ಎದ್ದು ನಿಂತೆ.

"ನಾನು ಪೆಟ್ಟಿಗೆ ತೆರೆದು ನೋಡಲಿಲ್ಲ," ಎಂದೆ. "ನೋಡದೆ ಮೂರು ಅಂತ ಬರೆದೆ. ಆ ಸಹಿ ಸುಳ್ಳು. ಜಾಬಿರ್ ಮೇಲೆ ಬಂದದ್ದು ನನ್ನ ತಪ್ಪು."

ಮುದ್ದುಕೃಷ್ಣ ಅದನ್ನು ಇಂಗ್ಲಿಷಿನಲ್ಲಿ ಯಜಮಾನರಿಗೆ ಹೇಳಿದರು.

"ಹಾಗಾದರೆ ಅದೆಲ್ಲಿ?" ಎಂದು ಅಬು ನಾಸರ್ ಕೇಳಿದರು.

"ಕಾದ ವಸ್ತುವನ್ನ ಜೇಬಿಗೆ ಹಾಕೋಕೆ ಆಗಲ್ಲ, ಚೀಲಕ್ಕೆ ಹಾಕಿದರೆ ಹೊಗೆ ಬರುತ್ತೆ," ಎಂದಳು ಪುಟ್ಟಮ್ಮ. "ಇದ್ದದ್ದು ಐದು ನಿಮಿಷ, ಹತ್ತು ಹೆಜ್ಜೆ ಜಾಗ. ಸುಡದೆ ಬಚ್ಚಿಟ್ಟುಕೊಳ್ಳೋದು ಅಲ್ಲಿ ಒಂದೇ, ಮರಳು. ಚಳಿಗಾಲದ ಬೆಳಿಗ್ಗೆ ಬಿಸಿಲು ಬಿಟ್ಟು, ಕಾರಿನ ಬಾನೆಟ್ ಬಿಟ್ಟು, ಬೆಕ್ಕು ನೆರಳಲ್ಲಿರೋ ಬಕೆಟ್ಟಲ್ಲಿ ಯಾಕೆ ಮಲಗುತ್ತೆ? ಅದರ ಕೆಳಗೆ ಬೆಚ್ಚಗಿದೆ. ಎಲ್ಲ ಕಡೆ ಹುಡುಕಿದಿರಿ, ಅದನ್ನ ಎಬ್ಬಿಸೋಕೆ ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ."

ಜಾಬಿರ್ ಓಡಿದ. ಸುಲ್ತಾನನನ್ನು ಎತ್ತಿ ಮುದ್ದುಕೃಷ್ಣರ ತೋಳಿಗೆ ಕೊಟ್ಟು ಮರಳು ತೋಡಿದ. ಗೇಣುದ್ದದ ಕಪ್ಪು ಕೊಳವೆ ಮೇಲೆ ಬಂತು. ಅದರ ಬಾಯಂಚು ಒಂದು ಕಡೆ ಕಚ್ಚಿ ಕಿತ್ತ ಹಾಗೆ ಹರಿದಿತ್ತು.

"ಉಂಗುರ ಪೂರ್ತಿ ಬಿಗಿದಿರಲಿಲ್ಲ," ಎಂದ ಜಾಬಿರ್, ಅದನ್ನು ತಿರುಗಿಸಿ ನೋಡುತ್ತಾ. "ಕೊಳವೆ ಓರೆ ಕೂತಿದೆ. ಗುಂಡು ಅಂಚಿಗೆ ತಾಗಿದ್ದು. ಎಲ್ಲ ಕಿವಿಗವಸು ಹಾಕಿದ್ದಲ್ಲ, ಯಾರಿಗೂ ಗೊತ್ತಾಗಲಿಲ್ಲ."

"ನಿನಗೆ ಗೊತ್ತಾಯಿತು. ಅಲ್ವೇನಪ್ಪ?" ಎಂದು ಪುಟ್ಟಮ್ಮ ಕಾರ್ತಿಕ್‌ನನ್ನು ಕೇಳಿದಳು.

ಕಾರ್ತಿಕ್ ನೀರಿನಿಂದ ಕೈ ತೆಗೆಯದೆ ಅತ್ತ. "ಕದಿಯೋಕಲ್ಲ ಆಂಟಿ. ದೇವರಾಣೆ. ಪ್ರೊಬೇಷನ್ ಮುಗಿದಿಲ್ಲ. ಡೆಮೋ ಪೀಸ್ ಹಾಳು ಮಾಡಿದ್ದು ಗೊತ್ತಾದರೆ ಮನೆಗೆ ಕಳಿಸ್ತಾರೆ. ಸಾಯಂಕಾಲ ಬಂದು ತಗೊಂಡು ಹೋಗೋಣ ಅಂತ... ಬಾಕ್ಸ್ ಅಷ್ಟರೊಳಗೇ ತೆರೀತಾರೆ ಅಂತ ಗೊತ್ತಿರಲಿಲ್ಲ."

"ಜಾಬಿರನನ್ನ ಹಿಡಿದಾಗ ಗೊತ್ತಾಯಿತಲ್ಲ? ಆಗ ಯಾಕೆ ಬಾಯಿ ಬಿಡಲಿಲ್ಲ? ಅವನ ಹೆಂಡತಿ ಹೆರಿಗೆಗೆ ಕಾದಿದ್ದಾಳೆ ಕಣೋ."

ಅವನು ಬೋಗುಣಿಯ ಮೇಲೆ ಇನ್ನಷ್ಟು ಬಗ್ಗಿದ. ಒಂದು ಗಂಟೆಯ ಹಿಂದೆ ಜಾಬಿರನ ಎದುರು ನಾನೂ ನೆಲ ನೋಡಿದವನೇ. ಆದ್ದರಿಂದ ನಾನು ಅವನನ್ನು ಬೈಯಲಾರದೆ ಹೋದೆ.

ಅಬು ನಾಸರ್ ಕೈಯಲ್ಲಿದ್ದ ಮಿಸ್‌ಬಹಾ ಜಪಮಾಲೆಯನ್ನು ಕೆಳಗಿಟ್ಟರು. ಬಂದ ಮೂರೂ ಕಣ್ಣ ಮುಂದಿವೆ, ಪೊಲೀಸರು ಬೇಡ ಎಂದರು. ಕಾರ್ತಿಕ್ ತನ್ನ ಕಂಪನಿಗೆ ತಾನೇ ಫೋನ್ ಮಾಡಿ ನಿಜ ಹೇಳಬೇಕು, ಅದೂ ಇಲ್ಲಿಯೇ, ಈಗಲೇ ಎಂದರು. ಅವನು ಹೇಳಿದ. ಕಂಪನಿ ಅವನನ್ನು ಮನೆಗೆ ಕಳಿಸಲಿಲ್ಲ, ಗೋಡೌನಿಗೆ ಹಾಕಿತು. ನನಗೆ ಮುದ್ದುಕೃಷ್ಣ ಎಚ್ಚರಿಕೆಯ ಪತ್ರ ಕೊಟ್ಟರು. ಕೊಡುವಾಗ ಅವರ ಕೋಟಿನ ತುಂಬ ಸುಲ್ತಾನನ ಕೂದಲಿತ್ತು.

"ಈಗ ನೀನು ಹೇಳು," ಎಂದು ಅಬು ನಾಸರ್ ಜಾಬಿರನ ಕಡೆ ತಿರುಗಿದರು. "ಒಂದೇ ಕೊಳ್ಳಬೇಕು. ಯಾವುದು?"

ಜಾಬಿರ್ ಅರಬಿಯಲ್ಲಿ ಹೇಳಿ, ನಮಗಾಗಿ ಮತ್ತೆ ಕನ್ನಡದಲ್ಲಿ ಹೇಳಿದ: "ರೈಫಲಿನದ್ದೇ ಸಾಕು. ಒಂಟೆ ಬೆದರುವುದು ರೈಫಲಿಗೆ. ಪಿಸ್ತೂಲು ನಾವು ಒಳಗಿನ ಹಾಲಿನಲ್ಲಿ ಹೊಡೆಯುವುದು, ಅಲ್ಲಿಗೆ ಕಿವಿಗವಸು ಆಗ್ತದೆ. ಎರಡಕ್ಕೂ ಕೂರುವಂಥದ್ದು ಕೆಟ್ಟದ್ದಲ್ಲ. ಆದರೆ ಉಂಗುರ ಬದಲಿಸಿದಾಗೆಲ್ಲ ಕಣ್ಣಿಟ್ಟು ನೋಡಬೇಕು. ಹಾಗೆ ನೋಡುವವರು ಮೊದಲು ನಾವಾಗಬೇಕಲ್ಲ."

ಜಾಬಿರನಿಗೆ ಮರುದಿನ ಹೆಣ್ಣು ಮಗು ಹುಟ್ಟಿತು. ಪುಟ್ಟಮ್ಮ ಅವನ ಮನೆಯಿದ್ದ ಅಲ್ ಖೋರಿಗೆ ಹೋಗಿ ಮೂರು ದಿನ ಬಾಣಂತಿಗೆ ಅಡುಗೆ ಮಾಡಿ ಬಂದಳು. ಕೊಳವೆ ಸಿಕ್ಕ ಆ ಶನಿವಾರ ಮನೆಗೆ ಬರುವಾಗ ಕಾರಿನಲ್ಲಿ ನಾನು ಕೇಳಿದ್ದೆ: "ನಾನು ಎದ್ದು ಹೇಳದೆ ಇದ್ದಿದ್ದರೆ?"

"ಹೇಳ್ತೀರಿ ಅಂತ ಗೊತ್ತಿತ್ತು," ಎಂದಳು. "ಪತ್ತೆ ಮಾಡದೆ ಗೊತ್ತಿದ್ದದ್ದು ಅದೊಂದೇ."

ಈ ವರ್ಷ ಆಸ್ಪತ್ರೆಯಲ್ಲಿ ಅವಳು ಹೋದ ಮಧ್ಯಾಹ್ನ, ಕ್ಯಾರೊಲ್ ಎಂಬ ಮಂಗಳೂರಿನ ನರ್ಸು ನನ್ನ ಕೈಗೆ ಒಂದು ಮುಚ್ಚಿದ ಲಕೋಟೆ ಕೊಟ್ಟಳು. "ಅಮ್ಮನ ಮೈಮೇಲಿದ್ದದ್ದು ಅಂಕಲ್," ಎಂದಳು. "ನೀವು ಈಗ ನೋಡುವುದು ಬೇಡ. ಎಲ್ಲ ನಾನೇ ಇಟ್ಟದ್ದು. ಇಲ್ಲಿ ಸೈನ್ ಮಾಡಿ ಸಾಕು."

ಆ ಹುಡುಗಿಯ ಕಣ್ಣು ಕೆಂಪಾಗಿತ್ತು. ಕರುಣೆಯಿಂದ ಹೇಳಿದ ಮಾತು ಅದು. ಆದರೂ ನಾನು ಲಕೋಟೆಯನ್ನು ತೆರೆದು ಮೇಜಿನ ಮೇಲೆ ಸುರಿದೆ. ಮಾಂಗಲ್ಯದ ಸರ. ಎರಡು ಬಳೆ. ಒಂದು ಜೊತೆ ಕಾಲುಂಗುರ. ದಾರ ಸುತ್ತಿದ ಕನ್ನಡಕ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆ. ಎಲ್ಲವೂ ಇದ್ದವು.

ಆಮೇಲೆ ಸಹಿ ಹಾಕಿದೆ.