ಉಲ್ಟಾ ಕೈಯ ಉತ್ತರ

"ಒಂದೂ ಸರಿ ಇಲ್ವಾ?" ಶೈಲೇಶನ ಮುಖದ ನಗು ಆರಿತು.

ರಮಿತಾ ಕಣ್ಣು ತಗ್ಗಿಸಿದಳು. ಡೊಂಬಿವಲಿಯ ಆ ಇಂಗ್ಲಿಷ್ ಶಾಲೆಗೆ ಅವಳು ಮಕ್ಕಳ ಆಲಿಕೆಯನ್ನು ಪರೀಕ್ಷಿಸಲು ಬರುವವಳು. ಶೈಲೇಶನ ಅಕ್ಕನ ಮಗಳು ತೃಷಾಗೆ ಐದು ವರ್ಷ; ಮನೆಯಲ್ಲಿ ತುಳು, ಸೊಸೈಟಿಯ ಅಂಗಳದಲ್ಲಿ ಮರಾಠಿ, ಹಿಂದಿ. ಹೆಡ್‌ಫೋನಿನಲ್ಲಿ 'ಪೆನ್' ಎಂದರೆ ಮಗು ಬಾಣಲೆಯ ಚಿತ್ರ ಮುಟ್ಟಿತ್ತು; 'ಪ್ಯಾನ್' ಎಂದರೆ ಲೇಖನಿಯ ಚಿತ್ರ. ಇಂಗ್ಲಿಷಿನ ಸ್ವರಭೇದ ಅವಳಿಗೆ ಕೇಳಿಸದೆಂದು ರಮಿತಾ ವರದಿ ಕೊಟ್ಟಾಗಿತ್ತು. ಅದನ್ನು ನಂಬಿ ಶಾಲೆ ತೃಷಾಳನ್ನು ಕೆಳತರಗತಿಗೆ ಇಳಿಸಲಿತ್ತು.

ಮಹಾಪೆಯ ಆಫೀಸಿಗೆ ತಡವಾದರೂ ಮಗುವನ್ನು ಬಿಡಲು ಶೈಲೇಶ್ ತಾನೇ ಬರುತ್ತಿದ್ದ. ಯಾರಿಗಾಗಿ ಎಂಬುದು ರಮಿತಾ ಅರಿಯದ್ದೇನಲ್ಲ.

"ನಿಮ್ಮ ಮೇಲೆ ಕೋಪ ಮಾಡ್ಲಿಕ್ಕೆ ಬರುದಿಲ್ಲ ಮಾರಾಯ್ರೆ, ಅದೇ ಕಷ್ಟ," ಎಂದ. "ಆದ್ರೆ ಕಣ್ಣು ಮುಚ್ಚಿ ಮುಟ್ಟಿದ್ರೂ ಅರ್ಧ ಸರಿ ಬರ್ಬೇಕಲ್ವಾ? ಎಲ್ಲವೂ ತಪ್ಪಾದದ್ದು ಹೇಗೆ?"

ರಮಿತಾ ಬೆಚ್ಚಿದಳು. ಮಗುವಿನ ಮುಂದೆ ಮಂಡಿಯೂರಿದಳು. "ಪುಟ್ಟಾ, 'ಪೆನ್' ಅಂದಾಗ ಬಾಣಲೆ ಯಾಕೆ ಮುಟ್ಟಿದೆ?"

ತೃಷಾ ಎಡಗೈಯನ್ನು ಬೆನ್ನಹಿಂದೆ ಅಡಗಿಸಿದಳು. "ಟೀಚರ್ ಬೋಲೀ, ಉಲ್ಟಾ ಹಾಥ್ ಸೇ ಸಬ್ ಉಲ್ಟಾ ಹೋತಾ ಹೈ. ಅದಕ್ಕೆ ದೂಸ್ರಾವಾಲಾ ಮುಟ್ಟಿದೆ."

ಎಡಗೈ ಮುಟ್ಟಿದ್ದೆಲ್ಲ ತಿರುವುಮುರುವಾಗುತ್ತದೆಂದು ನಂಬಿ, ಸರಿಯಾಗಲೆಂದೇ ಇನ್ನೊಂದು ಚಿತ್ರ ಮುಟ್ಟಿದ್ದಳು! ಪ್ರತಿ ಸ್ವರವೂ ಸ್ಪಷ್ಟವಾಗಿ ಕೇಳಿಸದಿದ್ದರೆ ಉತ್ತರ ಇಷ್ಟು ಕ್ರಮವಾಗಿ ತಪ್ಪೀತೆ? ಹುಟ್ಟಿನೊಡನೆ ಬಂದ ಕೈಗೆ ದೋಷವೆಂದು ಹೆಸರಿಡುವ ಅಧಿಕಾರವನ್ನು ಗುರುವಿಗೆ ಯಾವ ವಿದ್ಯೆ ಕೊಟ್ಟಿತು?

"ನಿನ್ನ ಕೈ ಉಲ್ಟಾ ಅಲ್ಲ ಕಂದ. ಕೇಳಿದ್ದನ್ನೇ ಮುಟ್ಟು."

ರಮಿತಾ ಮತ್ತೆ ಪರೀಕ್ಷಿಸಿದಳು; ಈ ಬಾರಿ ಒಂದೂ ತಪ್ಪಲಿಲ್ಲ.

ವರದಿ ಹಿಂಪಡೆಯುತ್ತೇನೆಂದು ರಮಿತಾ ಹೇಳಿದಾಗ ಮುಖ್ಯೋಪಾಧ್ಯಾಯಿನಿ ಸುಲೋಚನಾ ಹುಬ್ಬೇರಿಸಿದರು. "ಕೊಟ್ಟ ರಿಪೋರ್ಟು ವಾಪಸ್ ತಗೊಂಡ್ರೆ ನಿಮ್ಮ ಹೆಸರು ಏನಾಗ್ತದೆ?"

"ಹೆಸರು ನನ್ನದು ಮೇಡಂ. ಹಾಳಾಗೋ ವರ್ಷ ಆ ಮಗುವಿನದು."

ಸುಲೋಚನಾ ತೃಷಾಳ ಫೈಲು ತೆರೆದರು. ಹಳೆಯ ವರದಿಯನ್ನು ತೆಗೆದು ಹರಿದರು.

ಗೇಟಿನ ಬಳಿ ಶೈಲೇಶ್ ಕಾದಿದ್ದ.

"ತಪ್ಪು ನನ್ನದು," ಎಂದಳು ರಮಿತಾ.

"ಹೌದು, ನಿಮ್ಮದೇ." ಅವನ ಕಣ್ಣಲ್ಲಿ ತುಂಟತನ ಮಿನುಗಿತು. "ಹೀಗೆ ಒಪ್ಪಿಕೊಂಡವರನ್ನು ನಾನು ಕಂಡದ್ದು ಇವತ್ತೇ. ಅಮ್ಮನನ್ನು ನಿಮ್ಮ ಮನೆಗೆ ಕಳಿಸ್ಲಾ?"

"ತೃಷಾಳ ವಿಷಯ ಮಾತಾಡ್ಲಿಕ್ಕಾ?"

"ಅದು ಮುಗೀತಲ್ಲ. ಇದು ನನ್ನ ವಿಷಯ."

ರಮಿತಾಳ ಕೆನ್ನೆ ಬಿಸಿಯಾಯಿತು. ದೃಷ್ಟಿ ಮಾತ್ರ ಕದಲಲಿಲ್ಲ. "ಅಮ್ಮನ ಹಿಂದೆ ಅಡಗುದು ಬೇಡ. ಆದಿತ್ಯವಾರ ನೀವೇ ಬನ್ನಿ. ಅಪ್ಪನಿಗೆ ನಾನು ಹೇಳಿಡ್ತೇನೆ."