ಬರಿ ನೀರಿನ ಬಾಟಲಿ

"ಕೆಳಗಿಡಬೇಡಿ! ಅಲ್ಲಾಡ್ಲೂಬೇಡಿ!"

ಮಂಜುಶ್ರೀ ಕಿರುಚಿದ್ದಕ್ಕೆ ಸ್ಟೂಲ್ ಮೇಲಿದ್ದ ಚಂದ್ರು ಹಾಗೇ ನಿಂತುಬಿಟ್ಟ. ಭದ್ರಾವತಿಯಿಂದ ಶಿವಮೊಗ್ಗದ ಈ ಲ್ಯಾಬಿಗೆ ರಿಪೇರಿಗೆ ಬಂದವನ ಕೈಯಲ್ಲಿ, ಗೋಡೆಯಿಂದ ಬಿಚ್ಚಿದ ಎಸಿ. ಇಳಿಸಲು ಇದ್ದದ್ದು ಕೆಳಗಿನ ಮೇಜೊಂದೇ. ಆ ಮೇಜಿನ ಮೇಲೊಂದು ಪುಟ್ಟ ಗಾಜಿನ ತಟ್ಟೆ... ಅದರಲ್ಲಿ ಅವಳ ಎರಡು ವರ್ಷದ ಶ್ರಮ!

"ಎಷ್ಟೊತ್ತು ಮೇಡಂ?"

"ಇಪ್ಪತ್ತು ನಿಮಿಷ... ಪ್ಲೀಸ್." ಅವಳು ಟೈಮರ್ ಒತ್ತಿ ಸ್ಟೂಲನ್ನು ಬಿಗಿಯಾಗಿ ಹಿಡಿದಳು.

"ಅಂಥದ್ದೇನಿದೆ ಮಾರಾಯ್ರೆ ಅದ್ರಲ್ಲಿ?"

"ಊರ ಬದನೆ, ಕಾಡು ಬದನೆ. ಎರಡರ ಜೀವಕೋಶದ ಗೋಡೆಯನ್ನೂ ಕರಗಿಸಿದ್ದೀನಿ. ಈಗ ಒಂದಕ್ಕೊಂದು ಅಂಟ್ಕೊಂಡಿವೆ. ಬೆರೆತ್ರೆ ಕಾಡಿನದರ ಕೋಶರಸ ಊರಿನದಕ್ಕೆ ಬರುತ್ತೆ. ಮೇಜು ಅಲುಗಿದ್ರೆ ಬಿಟ್ಟುಹೋಗ್ತವೆ. ಇದೂ ಕೆಟ್ರೆ ನನ್ನ ಪ್ರಾಜೆಕ್ಟ್ ಮುಚ್ತಾರೆ."

ಅವನು ಎಸಿಯನ್ನು ಎದೆಗವಚಿಕೊಂಡ. ತೋಳು ನಡುಗಿತು, ಬೆವರು ಕಣ್ಣಿಗಿಳಿಯಿತು. ಆದರೂ ಅಲುಗಲಿಲ್ಲ ಮಹಾನುಭಾವ!

'ಯಾರೋ ಏನೋ... ನನಗೋಸ್ಕರ ಯಾಕಿಷ್ಟು?'

ಟೈಮರ್ ಕೂಗಿತು. ಅವಳು ತಟ್ಟೆ ಎತ್ತಿಕೊಂಡಳು; ಅವನು ಎಸಿಯನ್ನು ಮೇಜಿಗಿಳಿಸಿ ಭುಜ ಒತ್ತಿಕೊಳ್ಳುತ್ತಾ ಇಳಿದ. ಅವನನ್ನೇ ನೋಡುತ್ತಾ ಅವಳು ಬಾಟಲಿ ತೆಗೆದು ಕೋಶಗಳನ್ನು ತೊಳೆದಳು.

ಮಾರನೇ ದಿನ ಒಂದೂ ಕೋಶ ಉಳಿದಿರಲಿಲ್ಲ. ಎಲ್ಲವೂ ಒಡೆದಿದ್ದವು!

"ನೀವು ಅಲ್ಲಾಡಿಸಿದ್ರಿ!" ಫೋನಿನಲ್ಲಿ ಕೂಗಾಡಿದಳು. "ನನ್ನ ಬದುಕೇ ಹಾಳಾಯ್ತು!"



"ಆಗಿರಬಹುದು ಮೇಡಂ. ತಪ್ಪು ನಂದೇ."

ಅವನನ್ನು ಇನ್ನು ಲ್ಯಾಬಿಗೆ ಕರೆಯಬೇಡಿ ಎಂದರು ಗೈಡ್ ಜಯಶೀಲಾ.

ಸಂಜೆ ಮಂಜುಶ್ರೀ ಕಪಾಟು ತೆರೆದಳು. ತೊಳೆಯಲೆಂದು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಪುಡಿ ಬೆರೆಸಿಟ್ಟ ನೀರಿನ ಬಾಟಲಿ ತುಂಬಿದ ಹಾಗೇ ಇತ್ತು. ಪಕ್ಕದ ಬರಿ ನೀರಿನ ಬಾಟಲಿ ಅರ್ಧವಾಗಿತ್ತು. ಗೋಡೆಯಿಲ್ಲದ ಕೋಶಕ್ಕೆ ಬರಿ ನೀರು ಬಿದ್ದರೆ ಊದಿ ಒಡೆಯುತ್ತದೆ... ಒಡೆದದ್ದು ಅವಳ ಕೈಯಿಂದಲೇ! ಕುಣಿಯಲಾರದವಳಿಗೆ ನೆಲ ಡೊಂಕು.

ಪ್ರಾಜೆಕ್ಟ್ ಹೋದರೂ ಹೋಗಲಿ ಎಂದು ಜಯಶೀಲಾ ಮೇಡಂ ಎದುರು ಎಲ್ಲ ಹೇಳಿದಳು.

ಮೇಡಂ ಎರಡೂ ಬಾಟಲಿ ತರಿಸಿ ನೋಡಿದರು. "ಇನ್ನೊಂದೇ ಸಲ. ಮೊದಲು ಆ ಹುಡುಗನಿಗೆ ಹೇಳಿ ಬಾ."

ಭದ್ರಾವತಿ ಓಲ್ಡ್ ಟೌನಿನ ಅಂಗಡಿಯಲ್ಲಿ ಚಂದ್ರು ಎಡಗೈಯಲ್ಲಿ ಸ್ಕ್ರೂ ಬಿಚ್ಚುತ್ತಿದ್ದ. ಬಲ ಭುಜಕ್ಕೆ ಪಟ್ಟಿ ಕಟ್ಟಿತ್ತು.

"ಅಲ್ಲಾಡಿಸಿಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ? ಯಾಕೆ ಒಪ್ಕೊಂಡ್ರಿ?"

"ನಿಮ್ಮ ದನಿ ನಡುಗ್ತಿತ್ತು. ಎದುರಾಡೋಕೆ ಮನಸ್ಸಾಗ್ಲಿಲ್ಲ."

ಅವಳಿಗೆ ಅಳು ತಡೆಯಲಾಗಲಿಲ್ಲ. "ತಪ್ಪು ನಂದು! ಬೇರೆ ಬಾಟಲಿ ತಗೊಂಡುಬಿಟ್ಟೆ..."

"ಇಷ್ಟು ಓದಿದವರು ಅದ್ಹೇಗೆ?"

"ಕಣ್ಣು ಬಾಟಲಿ ಮೇಲಿರ್ಲಿಲ್ಲ... ನಿಮ್ಮ ಮೇಲಿತ್ತು."

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಇಪ್ಪತ್ತು ನಿಮಿಷ ಎಸಿ ಹೊತ್ತಾಗ ಜಾರದ ಕೈ!

"ಸೋಮವಾರ ಮತ್ತೆ ಮಾಡ್ತೀನಿ," ಅಂದಳು. "ಪಕ್ಕದಲ್ಲಿರ್ತೀರಾ?"

"ಎಷ್ಟೊತ್ತು ಮೇಡಂ?"

"ಮೇಡಂ ಅನ್ನೋದು ಬಿಟ್ರೆ ಹೇಳ್ತೀನಿ."

"ಎಷ್ಟೊತ್ತು... ಮಂಜು?"

ಅವಳು ಅವನ ಭುಜದ ಪಟ್ಟಿಯನ್ನು ಮೆಲ್ಲಗೆ ಮುಟ್ಟಿದಳು.

"ಈ ಸಲ ಟೈಮರ್ ಇಡಲ್ಲ."