ಚಿಂದಿ ಬೊಂಬೆಯ ಹೊಟ್ಟೆ

ಕಾಜದಕ್ಕ ತೀರಿಕೊಂಡ ಸುದ್ದಿ ಬಂದಾಗ ಹೊಲಿಗೆ ಕೋಣೆಯ ಆರು ಯಂತ್ರಗಳೂ ಒಂದೊಂದಾಗಿ ನಿಂತವು. ಮಕ್ಕಳ ಅಂಗಿಗಳಿಗೆ ಗುಂಡಿಯ ಕಾಜ ಹಾಕುತ್ತಿದ್ದ ಅವಳಿಗೆ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿರಲಿಲ್ಲ. ಸುದ್ದಿ ತಂದ ಇಸ್ತ್ರಿ ಅಜ್ಜಿ ನೆಲ ನೋಡುತ್ತ ಹೇಳಿದಳು:

"ಐದು ತಿಂಗಳಾಗಿತ್ತಂತೆ. ಕೂಸು ಹೊಟ್ಟೇಲೇ ಹೋಗಿ, ತಾಯೀನೂ ಕರ್ಕೊಂಡು ಹೋಯ್ತು. ಯಾರ ಕಣ್ಣು ಬೀಳುತ್ತೋ ಅಂತ ಬಾಯಿ ಬಿಟ್ಟಿರಲಿಲ್ಲ, ಪಾಪ."

ಆಮೇಲೆ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿಯ ಕಡೆ ತಿರುಗಿದಳು. "ಹೊಲೀಬೇಡ ಅಂದಿದ್ನಲ್ಲೇ."

ಹೊಸಬಳು ಕಾಜದಕ್ಕನ ಖಾಲಿ ಮೇಜಿನ ಕಡೆ ನೋಡಿದಳು.

ಹಿಂದಿನ ವಾರದ ಮಾತು. ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಎಲ್ಲರನ್ನೂ ನಗಿಸಿ ಅವರಲ್ಲೊಬ್ಬಳಾಗುವ ಆತುರ ಅವಳಿಗೆ. ಯಂತ್ರ ಒರೆಸಲೆಂದು ಕಾಜದಕ್ಕ ತಂದಿಟ್ಟಿದ್ದ ಅವಳದೇ ಹಳೆಯ ಅಂಗಿಯನ್ನು ಕತ್ತರಿಸಿ, ಚಿಂದಿ ತುಂಬಿ, ಬೊಂಬೆ ಮಾಡಿದ್ದಳು. ಅಜ್ಜಿ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದಿದ್ದಳು.

"ತೊಟ್ಟ ಬಟ್ಟೇಲಿ ಬೊಂಬೆ ಮಾಡಿ ಹೊಟ್ಟೆ ಮುಚ್ಚಬಾರ್ದು ಕಣೇ. ತೊಟ್ಟವಳ ಹೊಟ್ಟೇನೇ ಮುಚ್ಚಿದ ಹಾಗೆ. ಅದು ಮಾಟ."

"ಹನ್ನೊಂದು ವರ್ಷದಿಂದ ಮುಚ್ಕೊಂಡೇ ಇದೆಯಲ್ಲಜ್ಜೀ!" ಎಂದ ಹೊಸಬಳು ಕಪ್ಪು ನೂಲಿನಲ್ಲಿ ಬೊಂಬೆಯ ಹೊಟ್ಟೆ ಹೊಲಿದು ಗಂಟು ಹಾಕಿದಳು. "ತಗೊಳ್ಳಿ ಅಕ್ಕಾ, ನಿಮ್ಮ ಕೂಸು. ಅಳೋದೂ ಇಲ್ಲ, ಹಾಲೂ ಕೇಳಲ್ಲ."

ಎಲ್ಲರೂ ನಕ್ಕಿದ್ದರು. ಕಾಜದಕ್ಕನೂ ನಕ್ಕಿದ್ದಳು, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು.

ಈಗ ಹೆಂಗಸರೆಲ್ಲ ಸತ್ತವಳ ಮನೆಗೆ ಹೊರಟರು. ಹೊಸಬಳು ಹಿಂದುಳಿದಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಎಣ್ಣೆಯ, ಸೀದ ಬಟ್ಟೆಯ ವಾಸನೆ ಕಟ್ಟಿಕೊಂಡಿತ್ತು. ನಡುಹಗಲಲ್ಲೇ ಕತ್ತಲು. ಕಾಜದಕ್ಕನ ಮೇಜಿನ ಖಾನೆ ಎಳೆದಳು. ಬೊಂಬೆ ಅಲ್ಲಿತ್ತು. ಅಕ್ಕ ಅದನ್ನು ಎಸೆದಿರಲಿಲ್ಲ. ಅದಕ್ಕೊಂದು ಪುಟ್ಟ ಅಂಗಿ ಹೊಲಿದು ತೊಡಿಸಿದ್ದಳು, ಅಕ್ಕಿಕಾಳಿನಷ್ಟು ಸಣ್ಣ ಕಾಜಗಳನ್ನು ಹಾಕಿ.

ಮುಟ್ಟಿದಳು. ಬೆಚ್ಚಗಿತ್ತು. ಒಳಗಿನಿಂದ ಏನೋ ಒದೆಯಿತು.

ಬ್ಲೇಡು ಹಿಡಿದು ಮೊದಲ ಹೊಲಿಗೆ ಕಿತ್ತಳು. ತನ್ನ ಕಿಬ್ಬೊಟ್ಟೆಗೇ ಸೂಜಿ ಚುಚ್ಚಿದಂತಾಯಿತು. ಎರಡನೆಯದು. ಮತ್ತೆ ಸೂಜಿ. ಎದುರಿಗೆ ಅಕ್ಕನ ಯಂತ್ರ ತಾನಾಗಿ ಓಡತೊಡಗಿತು. ಕಟ ಕಟ ಕಟ. ಕೈ ನಿಲ್ಲಿಸಿದರೆ ಬೊಂಬೆಯೊಳಗೆ ಉಸಿರು ಕಟ್ಟಿದ ನರಳಿಕೆ. ಕಿತ್ತಳು. ಸೂಜಿ. ಕಿತ್ತಳು. ಸೂಜಿ. ಕೊನೆಯ ಗಂಟು. ಹೊಟ್ಟೆ ತೆರೆಯಿತು. ಬಿಸಿ ಉಸಿರೊಂದು ಅವಳ ಮುಖ ಸವರಿಕೊಂಡು ಹೋಯಿತು. ಯಂತ್ರ ನಿಂತಿತು.

ಹೊಲಿಗೆ ಬಿಚ್ಚಿತ್ತು. ಕಪ್ಪು ನೂಲು ಮಾತ್ರ ಮೇಜಿನ ಮೇಲೆಲ್ಲೂ ಇರಲಿಲ್ಲ, ನೆಲದ ಮೇಲೂ ಇರಲಿಲ್ಲ.

ಅವಳು ಬದುಕಿದಳು. ಮದುವೆಯೂ ಆಯಿತು. ಒಂಬತ್ತು ವರ್ಷ ಕಳೆದರೂ ಮಡಿಲು ತುಂಬಲಿಲ್ಲ. ವೈದ್ಯರಿಗೆ ಯಾವ ದೋಷವೂ ಕಾಣಲಿಲ್ಲ. ಎಳೆಗೂಸಿನ ತಾಯಂದಿರು ಅವಳನ್ನು ಕಂಡರೆ ಕೂಸಿನ ಮುಖಕ್ಕೆ ಹೊದಿಕೆ ಎಳೆಯುತ್ತಾರೆ. ಅತ್ತೆ ಅವಳ ಎದುರಿಗೇ ಮಗನಿಗೆ ಬೇರೆ ಹೆಣ್ಣಿನ ಮಾತೆತ್ತುತ್ತಾರೆ. ಹೊಲಿಗೆ ಕೋಣೆಯ ಹುಡುಗಿಯರು ಅವಳ ಬೆನ್ನ ಹಿಂದೆ ಕಿಸಕ್ಕೆಂದಾಗ, "ನಗಲಿ ಬಿಡಿ, ನಾನೂ ನಕ್ಕವಳೇ" ಎನ್ನುತ್ತಾಳೆ.

ದಿನಾ ಕೆಲಸಕ್ಕೆ ಕೂರುವ ಮೊದಲು ಕೈ ಮುಗಿಯುತ್ತಾಳೆ. "ದೇವರೇ, ನನಗೆ ಏನೂ ಬೇಡ. ಆ ತಾಯಿ ಮಗು ಒಟ್ಟಿಗಿರಲಿ. 'ಇನ್ನೂ ಆಗಿಲ್ವಾ' ಅಂತ ಅಲ್ಲಿ ಅವಳನ್ನ ಯಾರೂ ಕೇಳದೆ ಇರಲಿ. ಅಕ್ಕನ ಜೀವ ತಣ್ಣಗಿರಲಿ."